ಹರತಾಳದ ದಿನ ಹಬ್ಬು ಬಿಚ್ಚಿದರೆ

ನಮ್ಮ ಕಾಸರಗೋಡಿನಲ್ಲಿ ಹರತಾಳ ಎಂದರೆ ಜನ ಹಿಂದಿನ ದಿನವೇ ಕೋಳಿ ತಂದಿಟ್ಟು, ಬೆಳಗ್ಗೆ ತಡವಾಗಿ ಎದ್ದು, ಮಧ್ಯಾಹ್ನ ಉಂಡು, ಪುನಃ ಮಲಗುತ್ತಾರೆ. ನಮ್ಮ ಮನೆಗೆ ಮಾತ್ರ ಆ ಭಾಗ್ಯ ಇಲ್ಲ. ಬಸ್ಸಿಲ್ಲ, ಅಂಗಡಿಯಿಲ್ಲ, ಆಫೀಸಿಲ್ಲ ಎಂದು ಗೊತ್ತಾದ ಕೂಡಲೇ ನಮ್ಮವರಿಗೆ, ಎಂದರೆ ನನ್ನ ಗಂಡನಿಗೆ, ಕೈ ತುರಿಸಲು ಶುರು. "ಇವತ್ತು ಹಬ್ಬು ಬಿಚ್ಚುವ" ಎಂದು ಅಂಗಳದಲ್ಲಿ ಗೋಣಿ ಹಾಸಿದರೆಂದರೆ ಆ ದಿನ ಎಂತಾದರೊಂದು ಆಗದೆ ಕತ್ತಲಾದದ್ದಿಲ್ಲ. ಎಷ್ಟು ಹರತಾಳವೋ ಅಷ್ಟು ಕಥೆ. ಹರತಾಳಕ್ಕೆ ನಮ್ಮಲ್ಲಿ ಬರಗಾಲವೂ ಇರಲಿಲ್ಲ ಬಿಡಿ.

ಹಬ್ಬು ಎಂದರೆ ಸೈಕಲ್ ಚಕ್ರದ ನಡುವೆ ಕಡ್ಡಿಗಳೆಲ್ಲ ಬಂದು ಸೇರುವ ಉರುಟು ಗೂಡು. ಅದರೊಳಗೆ ಒಂದು ಅಚ್ಚು, ಅಚ್ಚಿನ ಎರಡು ಬದಿಗೂ ಉಕ್ಕಿನ ಸಣ್ಣ ಗುಂಡುಗಳು, ಅವು ಹೊರಗೆ ಬೀಳದ ಹಾಗೆ ಒತ್ತಿ ಹಿಡಿಯುವ ಕೋನು. ಇದನ್ನೆಲ್ಲ ಬಿಚ್ಚಿ, ಚಿಮಿಣಿ ಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸು ತುಂಬಿಸಿ, ಗುಂಡುಗಳನ್ನು ಒಂದೊಂದಾಗಿ ಕೂರಿಸಿ, ಮತ್ತೆ ಕೋನು ತಿರುಗಿಸಬೇಕು. ಕೋನು ಬಿಗಿಯಾದರೆ ಚಕ್ರ ತಿರುಗುವುದಿಲ್ಲ, ಸಡಿಲಾದರೆ ಅಲ್ಲಾಡುತ್ತದೆ. ಇಷ್ಟೆಲ್ಲ ನನಗೆ ಗೊತ್ತಿರುವುದು ನಾನು ಕಲಿಯಬೇಕೆಂದು ಕಲಿತದ್ದಲ್ಲ, ಮದುವೆಯಾದದ್ದರಿಂದ ಬಂದದ್ದು. ನಾನು ಪುತ್ತಿಗೆ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ನಮ್ಮವರು ಸೊಸೈಟಿಯಲ್ಲಿ ಗುಮಾಸ್ತ. ಮನೆಯಲ್ಲಿ ಅತ್ತೆ. ಅಂಗಳದ ಪಾಗಾರ ಗೋಡೆಯ ಆಚೆ ಮನೆಯಲ್ಲಿ ಬ್ಯಾರಿ ಸಮಾಜದ ಒಬ್ಬರು ಹೆಂಗಸು, ನನಗಿಂತ ತುಂಬ ದೊಡ್ಡವರು, ನಾನು ಅಕ್ಕ ಎಂದೇ ಕರೆಯುವುದು. ಅವರ ಗಂಡ ಗಲ್ಫಿನಲ್ಲಿ. ಇಷ್ಟೇ ಜನ. ಇಷ್ಟು ಜನ ಸಾಕು.

ಕೋಳಿಯ ಹಿಂದೆ

ಒಂದು ಹರತಾಳದ ದಿನವೇ ಎರಡು ಮೈಲು ಆಚೆ ನಮ್ಮ ಹತ್ತಿರದವರ ಮದುವೆ ಬಿತ್ತು. ಬಸ್ಸಿಲ್ಲದಿದ್ದರೆ ಎಂತ, ಸೈಕಲ್ ಉಂಟಲ್ಲ, ನೀನು ಹಿಂದೆ ಕೂತುಕೋ, ಹತ್ತು ಗಂಟೆಗೆ ಹೊರಡುವ ಎಂದರು ನಮ್ಮವರು. ನಾನು ಬೇಗ ಎದ್ದು ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು ಹೊರಗೆ ಬಂದು ನೋಡಿದರೆ ಸೈಕಲ್ ಅಂಗಳದಲ್ಲಿ ತಲೆಕೆಳಗಾಗಿ ನಿಂತಿದೆ. ಹಿಂದಿನ ಚಕ್ರ ಗೋಣಿಯ ಮೇಲೆ ಬಿಚ್ಚಿ ಬಿದ್ದಿದೆ.

"ಇದೆಂತ ಮಾರಾಯ್ರೆ?"

"ಇಬ್ಬರು ಕೂತು ಹೋಗುದಲ್ವಾ, ಒಂದು ಸ್ವಲ್ಪ ಗ್ರೀಸು ಹಾಕುವ ಅಂತ. ಹತ್ತು ನಿಮಿಷ."

ಆ ಹತ್ತು ನಿಮಿಷದಲ್ಲಿ ಗುಂಡುಗಳನ್ನು ಲೆಕ್ಕ ಹಾಕಿದರೆ ಒಂದು ಬದಿಗೆ ಒಂಬತ್ತು ಇರಬೇಕಾದಲ್ಲಿ ಎಂಟೇ ಇದೆ. ಗೋಣಿ ಕೊಡವಿದರು. ಚರಂಡಿ ಗುಡಿಸಿದರು. ನನ್ನ ಸೀರೆಯ ನೆರಿಗೆಯನ್ನೂ ನೋಡಿದರು. ಹೊಸತು ತರುವ ಎಂದರೆ ಹರತಾಳ, ಕುಂಬಳೆಯಿಂದ ಕಾಸರಗೋಡಿನವರೆಗೆ ಒಂದು ಸೈಕಲ್ ಅಂಗಡಿ ತೆರೆದಿಲ್ಲ. ವರ್ಷವಿಡೀ ಸುಮ್ಮನೆ ಬಿದ್ದಿರುವ ಸೈಕಲನ್ನು, ಸೈಕಲ್ ಬಿಟ್ಟು ಬೇರೆ ಗತಿಯಿಲ್ಲದ ದಿನವೇ ಬಿಚ್ಚಿ ಹಾಕುವ ಬುದ್ಧಿ ನಮ್ಮವರಿಗೆ ಯಾರು ಕೊಟ್ಟರೋ. ಎರಡು ಮೈಲು ಬಿಸಿಲಿನಲ್ಲಿ ನಡೆದೆವು. ಮಲ್ಲಿಗೆ ಬಾಡಿತು, ನಾನು ಬಾಡಿದೆ, ಹೋಳಿಗೆ ಮೊದಲ ಪಂಕ್ತಿಯಲ್ಲೇ ಖಾಲಿಯಾಗಿತ್ತು.

ಮರುದಿನ ಪಾಗಾರದ ಆಚೆಯಿಂದ ಅಕ್ಕ ಕರೆದರು. ಮುಖದಲ್ಲಿ ಗಾಬರಿ.

"ಟೀಚರೇ, ಕೇಳ್ತೇನೆ ಅಂತ ಬೇಜಾರು ಮಾಡ್ಬೇಡಿ. ಬೆಳಿಗ್ಗೆಯಿಂದ ನಿಮ್ಮವರು ನಮ್ಮ ಕೋಳಿಯ ಹಿಂದೆ ಹಿಂದೆಯೇ ಹೋಗ್ತಾ ಇದ್ದಾರೆ. ಅದು ನಿಂತರೆ ಇವರೂ ನಿಲ್ತಾರೆ. ಎಂತದು?"

"ಅದರ ಹೊಟ್ಟೆಯಲ್ಲಿ ನಮ್ಮ ಸೈಕಲ್ ಉಂಟು ಅಕ್ಕ" ಎಂದೆ.

ಗಲ್ಫಿನ ಡಬ್ಬಿ

ಅಕ್ಕನ ಗಂಡ ಗಲ್ಫಿನ ಕೆಲಸ ಪೂರ್ತಿ ಬಿಟ್ಟು ಊರಿಗೆ ಬಂದರು. ನಾವೆಲ್ಲ ಅವರನ್ನು ಇಚ್ಚ ಎನ್ನುತ್ತೇವೆ, ಬ್ಯಾರಿಗಳ ಮನೆಯಲ್ಲಿ ಅಣ್ಣನಿಗೆ ಹೇಳುವ ಹಾಗೆ. ಅರವತ್ತರ ಹತ್ತಿರದ ಪ್ರಾಯ, ಎತ್ತರದ ಆಳು, ಮಾತು ಮಾತ್ರ ಬಹಳ ಮೆದು. ಬಂದ ಮರುದಿನವೇ ನಮ್ಮ ಮನೆಗೆ ಬಾದಾಮಿ, ಒಂದು ಟಾರ್ಚು, ಒಂದು ಸೆಂಟು ಕೊಟ್ಟರು. ನಮ್ಮವರ ಹುಚ್ಚು ಅವರಿಗೂ ಗೊತ್ತು. ಹಾಗಾಗಿ ಅಲ್ಲಿಯ ಗ್ಯಾರೇಜಿನಿಂದ ಒಂದು ಡಬ್ಬಿ ಒಳ್ಳೆಯ ಗ್ರೀಸು ತಂದಿದ್ದರು. ಹಳದಿ ಬಣ್ಣ, ಮೇಲೆ ಪೂರ್ತಿ ಅರಬಿ ಬರಹ. ನಮ್ಮವರು ಅದನ್ನು ಪ್ರಸಾದದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಬಂದು ಕಿಟಕಿಯ ಬದಿಯಲ್ಲಿಟ್ಟು, ಇನ್ನೊಂದು ಹರತಾಳ ಬರಲಿ ಎಂದು ಕಾದರು.

ನಮ್ಮೂರಿನಲ್ಲಿ ಒಂದು ಕ್ರಮ ಉಂಟು. ಗಲ್ಫಿನಿಂದ ಯಾರೇ ಬರಲಿ, ನೆರೆಮನೆಯ ಮುದುಕರಿಗೆ ನೋವಿನ ಮುಲಾಮು ತಂದೇ ತರುತ್ತಾರೆ. ಅತ್ತೆಯ ಕಪಾಟಿನಲ್ಲಿ ಅಂಥ ಡಬ್ಬಿಗಳ ಒಂದು ಸಾಲೇ ಇದೆ. ಅತ್ತೆಗೆ ಅರಬಿ ಬರಹ ಕಂಡರೆ ಸಾಕು, ಅದು ತನ್ನ ಮೊಣಗಂಟಿಗೆ ಎಂದೇ ಲೆಕ್ಕ.

ಅಂತೂ ಹರತಾಳ ಬಂತು. ನಮ್ಮವರು ಡಬ್ಬಿ ತೆರೆದರೆ ಅರ್ಧ ಖಾಲಿ. ಮನೆಯಿಡೀ ಕೇಳಿದರು. ಅತ್ತೆ ಜಗಲಿಯಲ್ಲಿ ಕೂತು ತಣ್ಣಗೆ ಹೇಳಿದರು: "ನಾನು ಹಚ್ಚಿದ್ದು. ಬಾರೀ ಒಳ್ಳೆ ಮುಲಾಮು. ಉರಿ ಇಲ್ಲ, ವಾಸನೆ ಇಲ್ಲ. ಈಗ ಮೆಟ್ಟಲು ಹತ್ತುವಾಗ ಕಟಕಟ ಶಬ್ದವೇ ಇಲ್ಲ."

ಹಾಸಿಗೆಯ ಹೊದಿಕೆಯ ಕಲೆ ಎಷ್ಟು ಉಜ್ಜಿದರೂ ಹೋಗದ್ದು ಯಾಕೆಂದು ನನಗೆ ಆಗ ಗೊತ್ತಾಯಿತು.

"ಅಮ್ಮಾ, ಅದು ಚಕ್ರಕ್ಕೆ ಹಾಕುವ ಗ್ರೀಸು!"

ಅತ್ತೆ ಕಾಲು ನೀಡಿ ಕೂತರು. ಸೋಲುವ ಹೆಂಗಸು ಅವರಲ್ಲ. "ಆಗಲಿ. ಚಕ್ರವೂ ತಿರುಗುದು, ನನ್ನ ಗಂಟೂ ತಿರುಗುದು. ನಿನ್ನ ಚಕ್ರಕ್ಕೆ ಎಷ್ಟು ಪ್ರಾಯ ಆಯ್ತು? ಹನ್ನೆರಡು. ನನ್ನ ಗಂಟಿಗೆ ಎಪ್ಪತ್ತು. ಮೊದಲು ಯಾರಿಗೆ ಹಾಕ್ಬೇಕು, ನೀನೇ ಹೇಳು."

ಮತ್ತಿನ ಅರ್ಧ ಡಬ್ಬಿಯೂ ಅತ್ತೆಗೇ ಹೋಯಿತು.

ಹದಿನೆಂಟು ಚಕ್ರದವರು

ಇಚ್ಚನ ಮನೆಯ ಕೊಟ್ಟಿಗೆಯಲ್ಲಿ ತೆಂಗಿನ ಮಡಲುಗಳ ಹಿಂದೆ ಒಂದು ಹಳೆಯ ಸೈಕಲ್ ಉಂಟೆಂದು ನಮ್ಮವರು ಕಂಡುಹಿಡಿದದ್ದು ಆಮೇಲೆ. ದೊಡ್ಡ ಕ್ಯಾರಿಯರಿನ, ಗಟ್ಟಿಮುಟ್ಟಾದ ಸೈಕಲ್. ತುಕ್ಕು ಹಿಡಿದು ಹಿಂದಿನ ಚಕ್ರ ತಿರುಗುತ್ತಲೇ ಇರಲಿಲ್ಲ. ನಮ್ಮವರಿಗೆ ನಿಧಿ ಸಿಕ್ಕಿದಷ್ಟು ಖುಷಿ. "ಇಚ್ಚ, ಹಬ್ಬು ಜಾಮ್ ಆದದ್ದು ಅಷ್ಟೆ. ನಾನು ಸರಿ ಮಾಡಿ ಕೊಡ್ತೇನೆ" ಎಂದರು. ಇಚ್ಚನ ಮುಖ ಬಿಳಿಚಿಕೊಂಡಿತು. "ಅವಸರ ಎಂತದೂ ಇಲ್ಲ" ಎಂದರು. ಅವಸರ ಇಲ್ಲ ಎಂದರೆ ನಮ್ಮವರು ಕೇಳುವ ಜನವಾ? ಸೈಕಲನ್ನು ಹೊತ್ತುಕೊಂಡೇ ನಮ್ಮ ಅಂಗಳಕ್ಕೆ ತಂದರು.

ಆ ಸೈಕಲಿನ ಕಥೆಯನ್ನು ಅಕ್ಕನೇ ನನಗೆ ಹೇಳಿದ್ದು. ಮದುವೆಗೆ ಅಕ್ಕನ ಅಣ್ಣ ಅದನ್ನು ಮದುಮಗನಿಗೆ ಉಡುಗೊರೆ ಕೊಟ್ಟದ್ದಂತೆ. ಆಗ ಇಚ್ಚ ಎಲ್ಲರ ಎದುರು, "ಇದೇ ಸೈಕಲಿನ ಹಿಂದೆ ಕೂರಿಸಿ ನಿಮ್ಮ ತಂಗಿಯನ್ನು ತವರಿಗೆ ಕರ್ಕೊಂಡು ಬರ್ತೇನೆ, ಗಾಳಿಯ ಹಾಗೆ" ಎಂದು ಮಾತು ಕೊಟ್ಟರಂತೆ. ತವರು ದೂರವೂ ಅಲ್ಲ, ನಮ್ಮ ಇಳಿಜಾರಿನ ಕೆಳಗಿನ ಜಂಕ್ಷನ್ ದಾಟಿದರೆ ಆಯಿತು. ಅಷ್ಟರಲ್ಲಿ ವೀಸಾ ಬಂತು, ಇಚ್ಚ ಹೋದರು. ರಜೆಯಲ್ಲಿ ಬಂದಾಗಲೆಲ್ಲ ಅಕ್ಕ ಕೇಳುವುದು, ಇಚ್ಚ "ಹಬ್ಬು ಸರಿ ಇಲ್ಲ" ಎನ್ನುವುದು. ಹೀಗೆ ಮಕ್ಕಳೂ ದೊಡ್ಡವರಾಗಿ ಅವರವರ ದಾರಿ ಹಿಡಿದರು. ಅಕ್ಕ ತವರಿಗೆ ಬಸ್ಸಿನಲ್ಲಿ ಹೋದರು, ಆಟೋದಲ್ಲಿ ಹೋದರು, ಆ ಸೈಕಲಿನಲ್ಲಿ ಮಾತ್ರ ಹೋಗಲಿಲ್ಲ.

"ನೋಡಿ, ಈಗ ನಿಮ್ಮವರ ಕೈಯಿಂದ ಆಗ್ತದೆ" ಎಂದರು ಅಕ್ಕ, ಸಣ್ಣ ಹುಡುಗಿಯ ಹಾಗೆ ನಗುತ್ತಾ.

ಮರುದಿನ ನಾನು ಶಾಲೆಯಿಂದ ಬರುವಾಗ ಇಚ್ಚ ದಾರಿಯಲ್ಲಿ ಕಾದು ನಿಂತಿದ್ದರು. ಹಿಂದೆ ಮುಂದೆ ನೋಡಿ, "ಟೀಚರೇ, ಒಂದು ಉಪಕಾರ. ನಿಮ್ಮವರಿಗೆ ಹೇಳಿ ಆ ಹಬ್ಬು ಸರಿ ಮಾಡದ ಹಾಗೆ ಮಾಡ್ಬೇಕು" ಎಂದರು.

"ಯಾಕೆ ಇಚ್ಚ?"

"ನನಗೆ ಸೈಕಲ್ ಬಿಡ್ಲಿಕ್ಕೆ ಬರುದಿಲ್ಲ."

ನಾನು ನಗಬೇಕೋ ಬೇಡವೋ ಎಂದು ನಿಂತೆ. ಅವರು ಹೇಳುತ್ತಲೇ ಹೋದರು. ಆಗ ಮದುಮಗ, ಜೋಶಿನಲ್ಲಿ ಬಾಯಿಗೆ ಬಂದದ್ದು ಹೇಳಿ ಆಯಿತು. ಆಮೇಲೆ ಗೊತ್ತಿಲ್ಲ ಎಂದು ಹೇಳಲು ನಾಚಿಕೆ. ಹಬ್ಬು ಸರಿ ಇಲ್ಲ, ಸರಿ ಇಲ್ಲ ಎಂದು ಸುಳ್ಳು ಹೇಳಿ ಹೇಳಿ ಈಗ ಹಬ್ಬು ನಿಜವಾಗಿಯೂ ಜಾಮ್ ಆಗಿ ಕೂತದ್ದು. "ಇದುವರೆಗೆ ಅವಳು ನನ್ನ ಒಂದು ಮಾತನ್ನೂ ಸುಳ್ಳು ಎಂದದ್ದಿಲ್ಲ ಟೀಚರೇ. ಅಷ್ಟು ವರ್ಷ ನಾನು ಅಲ್ಲಿ, ಅವಳು ಇಲ್ಲಿ. ಮಾತಿನ ಮೇಲೆಯೇ ಸಂಸಾರ ನಡೆದದ್ದು. ಇದೊಂದು ಸುಳ್ಳಾದರೆ ಉಳಿದದ್ದೆಲ್ಲ ಎಂತ ಆಗ್ಬೇಕು?"

ನನಗೆ ಅಯ್ಯೋ ಪಾಪ ಅನಿಸಿತು. ಆದರೂ ಕೇಳದೆ ಇರಲಾಗಲಿಲ್ಲ. "ಅಲ್ಲ ಇಚ್ಚ, ನೀವು ಅಲ್ಲಿ ಡ್ರೈವರ್ ಆಗಿದ್ದದ್ದಲ್ವಾ?"

"ಹೌದು. ಟ್ರೇಲರ್. ಹದಿನೆಂಟು ಚಕ್ರದ್ದು. ಆ ಮರುಭೂಮಿಯಲ್ಲಿ ಕಣ್ಣು ಮುಚ್ಚಿ ಓಡಿಸ್ತಿದ್ದೆ" ಎಂದು ಇಚ್ಚ ನಿಟ್ಟುಸಿರು ಬಿಟ್ಟರು. "ಈ ಎರಡರದ್ದೇ ಆಗದ್ದು. ಹದಿನಾರು ಕಡಿಮೆ ಆಗ್ತದೆ."

ಗುಂಡು ಮರಿ ಹಾಕಿತು

ಒಂದು ಹರತಾಳದಲ್ಲಿ ನಮ್ಮವರು ಇಚ್ಚನ ಸೈಕಲಿನ ಹಿಂದಿನ ಚಕ್ರವನ್ನು ಬಿಚ್ಚಿಯೇ ಬಿಚ್ಚಿದರು. ತುಕ್ಕು ಬಿಡಲಿ ಎಂದು ಗುಂಡುಗಳನ್ನೆಲ್ಲ ಒಂದು ತೆಂಗಿನ ಚಿಪ್ಪಿನ ಗೆರಟೆಯಲ್ಲಿ ಚಿಮಿಣಿ ಎಣ್ಣೆ ಹಾಕಿ ನೆನೆಯಲು ಇಟ್ಟರು. ಇಚ್ಚ ದಿನವೂ ಬಂದು ಜಗಲಿಯಲ್ಲಿ ಕೂತು, "ಹೇಗುಂಟು?" ಎಂದು ವಿಚಾರಿಸಿ ಹೋಗುತ್ತಿದ್ದರು. ನಮ್ಮವರು, "ಪಾಪ, ಎಷ್ಟು ಆಸೆ ನೋಡು" ಎನ್ನುತ್ತಿದ್ದರು. ಇಚ್ಚ ಬಂದು ಹೋದಾಗಲೆಲ್ಲ ಗೆರಟೆಯಲ್ಲಿ ಗುಂಡು ಕಡಿಮೆಯಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವರ ಬಿಳಿ ಅಂಗಿಯ ಕಿಸೆಯಲ್ಲಿ ಚಿಮಿಣಿ ಎಣ್ಣೆಯ ಉರುಟು ಕಲೆಯೂ ಕಾಣುತ್ತಿತ್ತು. ನಾನು ಹೇಳಲಿಲ್ಲ.

ಅದು ಆಟಿ ತಿಂಗಳು. ಆಟಿಯ ಮಳೆಗೆ ಹೊರಗೆ ಕೆಲಸವಿಲ್ಲದ ನಮ್ಮ ಕಡೆಯ ಹೆಂಗಸರು ಚೆನ್ನೆಮಣೆ ಆಡುವುದು ಕ್ರಮ. ಮರದ ಮಣೆಯ ಗುಳಿಗಳಿಗೆ ಮಂಜೊಟ್ಟಿ ಬೀಜ ಹಾಕಿ ಆಡುವ ಆಟ. ಅತ್ತೆಯ ಬೀಜಗಳನ್ನು ಇಲಿ ಹೊತ್ತುಕೊಂಡು ಹೋಗಿತ್ತು. ಹುಡುಕಿಕೊಂಡು ಬಂದವರಿಗೆ ಗೆರಟೆ ಕಂಡಿತು. ಉಳಿದ ಗುಂಡುಗಳು ಚೆನ್ನೆಮಣೆಗೆ ಹೋದವು.

ಸಂಜೆ ನಮ್ಮವರು ನೋಡಿದರೆ ಗೆರಟೆಯಲ್ಲಿ ಬರೀ ಎಣ್ಣೆ. ಕೋಳಿಯ ಹಿಂದೆ ಹೋದವರು ಈಗ ಯಾರ ಹಿಂದೆ ಹೋಗುವುದು? ಊಟ ಸೇರಲಿಲ್ಲ. "ಇಚ್ಚನಿಗೆ ನಾನು ಯಾವ ಮುಖ ತೋರಿಸ್ಲಿ? ಒಂದು ಸೈಕಲ್ ನಂಬಿ ಕೊಟ್ಟರು" ಎಂದು ಕೂತುಬಿಟ್ಟರು. ಅವರನ್ನು ಹಾಗೆ ನೋಡಿ ನನಗೆ ತಡೆಯಲಿಲ್ಲ. ಮರುದಿನ ಸಾಮಾನು ತರುವ ನೆಪದಲ್ಲಿ ಕುಂಬಳೆಗೆ ಹೋಗಿ, ಸೈಕಲ್ ಅಂಗಡಿಯಿಂದ ಹೊಸ ಗುಂಡು ತಂದು ಯಾರಿಗೂ ಹೇಳದೆ ಗೆರಟೆಗೆ ಹಾಕಿದೆ.

ನನಗೆ ಮಾತ್ರ ಅಲ್ಲ, ಇಚ್ಚನಿಗೂ ತಡೆಯಲಿಲ್ಲವಂತೆ. ತನ್ನಿಂದಾಗಿ ಒಬ್ಬ ಒಳ್ಳೆ ಮನುಷ್ಯ ಊಟ ಬಿಟ್ಟನಲ್ಲ ಎಂದು ಅವರೂ ಕುಂಬಳೆಗೆ ಹೋಗಿ ಹೊಸತು ತಂದು ಹಾಕಿದರು, ಕಿಸೆಗೆ ಹಾಕಿದ ಹಳತನ್ನೂ ಸೇರಿಸಿದರು. ಆಟಿ ಮುಗಿಯಿತು, ಅತ್ತೆ ಚೆನ್ನೆಮಣೆ ಅಟ್ಟಕ್ಕೆ ಹಾಕಿ ತನ್ನ ಪಾಲಿನದನ್ನು ತಂದು ಸುರಿದರು.

ಮುಂದಿನ ಹರತಾಳ. ನಮ್ಮವರು ಗೆರಟೆ ಬಗ್ಗಿಸಿದರೆ ಗುಂಡು ಬೀಳುತ್ತಲೇ ಉಂಟು, ಬೀಳುತ್ತಲೇ ಉಂಟು. ಗೋಣಿಯಿಡೀ ಗುಂಡು. ನಾನು ಅತ್ತ ನೋಡಿದೆ, ಇಚ್ಚ ಇತ್ತ ನೋಡಿದರು, ಅತ್ತೆ ರಾಮ ರಾಮ ಎಂದರು.

ನಮ್ಮವರು ತುಂಬ ಹೊತ್ತು ಯೋಚನೆ ಮಾಡಿ, ಇಚ್ಚನ ಕೈ ಹಿಡಿದು ಭಕ್ತಿಯಿಂದ ಹೇಳಿದರು: "ಇಚ್ಚ, ಆ ಕಾಲದ ಮಾಲು ನೋಡಿ. ಇಟ್ಟಲ್ಲೇ ಮರಿ ಹಾಕಿದೆ."

ವಯಸ್ಕರ ಶಿಕ್ಷಣ

ಗುಂಡು ಬಂದ ಮೇಲೆ ಹಬ್ಬು ಸರಿಯಾಗುವುದನ್ನು ಯಾರೂ ತಡೆಯುವ ಹಾಗಿಲ್ಲ. ನಾನು ಇಚ್ಚನಿಗೆ ಹೇಳಿದೆ: "ಹಬ್ಬು ಹಾಳು ಮಾಡುವ ಯೋಚನೆ ಬಿಡಿ. ಸೈಕಲ್ ಕಲಿಯಿರಿ. ನಾನು ಕಲಿಸ್ತೇನೆ."

ನಾನು ಕುಂಬ್ಡಾಜೆಯ ಗುಡ್ಡದಲ್ಲಿ ಬೆಳೆದವಳು. ಅಲ್ಲಿಯ ಇಳಿಜಾರಿನಲ್ಲಿ ಸೈಕಲ್ ಕಲಿತವರಿಗೆ ಎಲ್ಲಿಯೂ ಹೆದರಿಕೆ ಇಲ್ಲ. ರಜೆಯ ದಿನ ನಮ್ಮವರ ಸೈಕಲನ್ನು, "ಶಾಲೆಯಲ್ಲಿ ಸ್ವಲ್ಪ ಕೆಲಸ ಉಂಟು" ಎಂದು ಹೇಳಿ ತೆಗೆದುಕೊಂಡು ಹೋದೆ. ಇಚ್ಚ ಬೇರೆ ದಾರಿಯಲ್ಲಿ ಬಂದರು. ಶಾಲೆಯ ಮೈದಾನ ಖಾಲಿ. ಗೇಟು ಹಾಕಿಕೊಂಡೆವು.

ಇಚ್ಚ ಸೈಕಲಿನ ಮೇಲೆ ಕೂತರು. ಕೂತ ಮೇಲೆ ಮೊದಲು ಮಾಡಿದ ಕೆಲಸ, ಕನ್ನಡಿ ಹುಡುಕಿದ್ದು. ಇಲ್ಲ ಎಂದೆ. ನಾನು ಸೀಟು ಹಿಡಿದು ಓಡಿದೆ, ಅವರು ತುಳಿದರು. ಬೀಳುತ್ತಾ ಏಳುತ್ತಾ ಕೆಲವು ವಾರದಲ್ಲಿ ಬ್ಯಾಲೆನ್ಸ್ ಬಂತು. ಆದರೆ ಬಲಕ್ಕೆ ತಿರುಗಬೇಕಾದರೆ ಮೊದಲು ಪೂರ್ತಿ ಎಡಕ್ಕೆ ಹೋಗಿ, ಅಲ್ಲಿಂದ ದೊಡ್ಡ ಸುತ್ತು ತೆಗೆದು ಬರುತ್ತಿದ್ದರು. "ಹಿಂದಿನ ಬಾಡಿ ತಾಗ್ಬಾರದಲ್ಲ ಟೀಚರೇ." ಹಿಂದೆ ಬಾಡಿ ಎಲ್ಲಿ ಉಂಟು! ಒಂದು ಕ್ಯಾರಿಯರ್, ಅದೂ ನನ್ನ ಕೈಯಲ್ಲಿ.

ದೊಡ್ಡ ತೊಂದರೆ ಬೇರೆಯೇ ಇತ್ತು. ಜೀವನವಿಡೀ ಬ್ರೇಕನ್ನು ಕಾಲಿನಲ್ಲಿ ಒತ್ತಿದವರು ಅವರು. ಎದುರು ಎಂತಾದರೂ ಕಂಡರೆ ಕಾಲು ತನ್ನಿಂದ ತಾನೇ ಜೋರಾಗಿ ಒತ್ತುತ್ತದೆ. ಸೈಕಲಿನಲ್ಲಿ ಕಾಲು ಒತ್ತಿದರೆ ಎಂತ ಆಗ್ತದೆ? ಇನ್ನೂ ಜೋರಾಗಿ ಓಡುತ್ತದೆ. ಗಾಬರಿಯಾಗಿ ಇವರು ಇನ್ನೂ ಒತ್ತುವುದು. "ಕೈಯಲ್ಲಿ! ಕೈಯಲ್ಲಿ ಹಿಡೀರಿ!" ಎಂದು ನಾನು ಕಿರುಚುವುದು. ಅವರು ಕೈಯಲ್ಲಿ ಧ್ವಜದ ಕಂಬವನ್ನು ಹಿಡಿಯುವುದು. ಧ್ವಜದ ಕಂಬ ತಪ್ಪಿದರೆ ತೆಂಗಿನ ಮರ. ನಿಲ್ಲುವುದು ಮಾತ್ರ ಹೀಗೆಯೇ, ಯಾವುದಾದರೊಂದನ್ನು ಅಪ್ಪಿಕೊಂಡು. ಹೊರಡುವಾಗಲೂ ಯಾರಾದರೂ ತಳ್ಳಬೇಕು. ನಡುವಿನ ದಾರಿಗೆ ಮಾತ್ರ ಏನೂ ಕೊರತೆ ಇರಲಿಲ್ಲ.

ಒಂದು ಸಂಜೆ ಅವರು ಹೀಗೆ ಕಂಬವನ್ನು ಅಪ್ಪಿಕೊಂಡು ಉಸಿರು ಬಿಡುತ್ತಿರುವಾಗ ಹೆಡ್‌ಮಾಸ್ಟರರು ಗೇಟು ತೆಗೆದು ಒಳಗೆ ಬಂದರು. ಕಂಬದಲ್ಲಿ ಬಿಳಿ ಗಡ್ಡದ ಒಬ್ಬರು, ಕೆಳಗೆ ಸೈಕಲ್, ಬೆವರಿಳಿಯುವ ನಾನು.

"ಟೀಚರ್, ಇದು ಯಾವ ಯೋಜನೆ?"

"ವಯಸ್ಕರ ಶಿಕ್ಷಣ ಸಾರ್."

ಅವರು ಇಚ್ಚನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಗಂಭೀರವಾಗಿ ಕೇಳಿದರು: "ಇವರು ಯಾವ ಕ್ಲಾಸಿನಲ್ಲಿ ನಿಂತದ್ದು?"

"ನಿಂತದ್ದೇ ಇಲ್ಲ ಸಾರ್" ಎಂದರು ಇಚ್ಚ, ಕಂಬ ಬಿಡದೆ. "ಅದೇ ತೊಂದರೆ."

ಗಾಳಿಯ ಹಾಗೆ

ಕೊನೆಗೆ ಆ ಹರತಾಳ ಬಂತು. ಯಾವ ಪಕ್ಷದ್ದು, ಎಂತಕ್ಕೆ ಎಂದು ಕೇಳಬೇಡಿ, ನಮಗೂ ನೆನಪಿಲ್ಲ. ನಮ್ಮವರು ಬೆಳಿಗ್ಗೆಯೇ ಗ್ರೀಸು ತುಂಬಿಸಿ, ಗುಂಡು ಕೂರಿಸಿ, ಕೋನನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಚಕ್ರವನ್ನು ಒಮ್ಮೆ ತಿರುಗಿಸಿ ಬಿಟ್ಟರು. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಅತ್ತೆ ಗಂಜಿ ಉಂಡು ಬಂದರು, ಆಗಲೂ ತಿರುಗುತ್ತಿತ್ತು. ನಮ್ಮವರ ಕಣ್ಣಿನಲ್ಲಿ ನೀರು. "ಅಕ್ಕಾ! ಹಬ್ಬು ಸರಿ ಆಯ್ತು!" ಎಂದು ಪಾಗಾರದ ಆಚೆಗೆ ಕೂಗಿಯೇಬಿಟ್ಟರು.

ಇಚ್ಚ ನನ್ನ ಮುಖ ನೋಡಿದರು, ಹರಕೆಗೆ ಬಿಟ್ಟ ಕೋಳಿ ನೋಡುವ ಹಾಗೆ. "ಹೋಗ್ತದೆ ಇಚ್ಚ, ಕೈಯಲ್ಲಿ ಬ್ರೇಕು, ನೆನಪಿಡಿ" ಎಂದೆ.

ಅಕ್ಕ ಪೆಟ್ಟಿಗೆಯ ತಳದ ಒಳ್ಳೆಯ ಸೀರೆ ಉಟ್ಟು, ತಲೆಗೆ ಶಾಲು ಹೊದ್ದು ಬಂದರು. ಕ್ಯಾರಿಯರಿನಲ್ಲಿ ಕೂರಿಸುವಾಗ ನಾನು ಅವರ ಕಿವಿಯಲ್ಲಿ, "ಅಕ್ಕ, ನಿಮಗೆ ಹೆದರಿಕೆ ಇಲ್ವಾ?" ಎಂದೆ.

ಅಕ್ಕ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಇವರಿಗೆ ಸೈಕಲ್ ಬರುದಿಲ್ಲ ಅಂತ ನನಗೆ ಮದುವೆಯಾದ ವಾರವೇ ಗೊತ್ತು ಟೀಚರೇ. ತಳ್ಳಿಕೊಂಡು ಹೋಗುವಾಗಲೇ ಪೆಡಲ್ ಕಾಲಿಗೆ ಬಡಿಸಿಕೊಂಡವರು. ನನ್ನ ಅಣ್ಣ ಎಷ್ಟು ಸಲ, ರಿಪೇರಿ ಮಾಡಿಸ್ತೇನೆ ಕೊಡು ಅಂದ. ನಾನೇ ಬಿಡಲಿಲ್ಲ. ರಜೆಯಲ್ಲಿ ಬಂದಾಗ ಕೇಳ್ತಿದ್ದದ್ದು ಎಂದಾದರೂ ಕಲಿತಾರು ಅಂತ. ಹಬ್ಬು ಸರಿ ಆದರೆ ಇವರ ಮರ್ಯಾದೆ ಎಂತ ಆಗ್ಬೇಕು?"

"ಮತ್ತೆ ಇವತ್ತು?"

"ಇವತ್ತು ಕಲಿತಿದ್ದಾರಲ್ಲ. ಆ ಮೊಣಕೈ ಗಾಯ ನೋಡಿ. ಮಕ್ಕಳು ಶಾಲೆಯಿಂದ ತರ್ತಾರಲ್ಲ, ಅದೇ ಗಾಯ."

ಅಷ್ಟರಲ್ಲಿ ನಮ್ಮವರು ಹಿಂದಿನಿಂದ ತಳ್ಳಿಯಾಗಿತ್ತು. ಸೈಕಲ್ ಗೇಟು ದಾಟಿ ರಸ್ತೆಗೆ ಬಿತ್ತು. ಒಂದು ಗಾಡಿ ಇಲ್ಲ, ಒಂದು ನಾಯಿ ಇಲ್ಲ. ಇಚ್ಚ ಬೆನ್ನು ನೆಟ್ಟಗೆ ಮಾಡಿ ತುಳಿಯುತ್ತಿದ್ದರು, ಅಕ್ಕ ಅವರ ಸೊಂಟ ಹಿಡಿದುಕೊಂಡಿದ್ದರು. ನಾವೂ ಹಿಂದೆ ಹೊರಟೆವು, ನಡೆದುಕೊಂಡು. ಹರತಾಳವಲ್ಲವೇ, ನಮ್ಮ ಸೈಕಲಿನ ಹಬ್ಬನ್ನೂ ನಮ್ಮವರು ಬಿಚ್ಚಿಟ್ಟಿದ್ದರು.

ಮೇಲಿನ ಜಂಕ್ಷನಿನಲ್ಲಿ ಹರತಾಳದ ಹುಡುಗರು ಬಾವುಟ ಹಿಡಿದು ರಸ್ತೆಗೆ ಅಡ್ಡ ನಿಂತಿದ್ದರು. ಅವರನ್ನು ಕಂಡದ್ದೇ ಇಚ್ಚನ ಕಾಲು ಬ್ರೇಕ್ ಒತ್ತಿತು. ಸೈಕಲ್ ಅವರ ಮೇಲೆಯೇ ನುಗ್ಗಿತು. ಐದಾರು ಮಂದಿ ಸೇರಿ ಹ್ಯಾಂಡಲ್ ಹಿಡಿದು ನಿಲ್ಲಿಸಿದರು. ಇಚ್ಚನಿಗೆ ಬೇಕಾದದ್ದೂ ಅದೇ.

"ಸೈಕಲಿಗೆ ತೊಂದರೆ ಇಲ್ಲ, ಆದರೆ ಇಬ್ಬರು ಕೂತು ಹೋಗುವ ಹಾಗಿಲ್ಲ. ಇಳಿಯಿರಿ" ಎಂದ ಮುಂದಾಳು ಹುಡುಗ.

ಅಕ್ಕ ಇಳಿಯಲಿಲ್ಲ. ಕೂತಲ್ಲಿಂದಲೇ ಹೇಳಿದರು: "ಮೋನೇ, ಮಗನೇ, ನಿನ್ನ ಅಮ್ಮನಿಗೆ ಮದುವೆ ಆಗುವ ಮೊದಲೇ ನಾನು ಈ ಸೈಕಲ್ ಹತ್ತಬೇಕಿತ್ತು. ಇವತ್ತು ಹತ್ತಿದೆ. ಇಳಿಸುದಾದರೆ ನೀನೇ ಎತ್ತಿ ಇಳಿಸು."

ಹುಡುಗರು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ನಾವು ಓಡಿ ಮುಟ್ಟಿದೆವು. ನಾನು ಏದುಸಿರು ಬಿಡುತ್ತಾ ಇಡೀ ಕಥೆ ಹೇಳಿದೆ. ಮುಂದಾಳು ತಲೆ ಕೆರೆದುಕೊಂಡು, "ಹೋಗಿ ಇಚ್ಚ, ಹೋಗಿ" ಎಂದ. ಇಚ್ಚ ಹೋಗಲಿಲ್ಲ. "ಹೋಗಿ ಅಂದರೆ ಹೇಗೆ?" ಎಂದರು ಮೆಲ್ಲನೆ. "ಸ್ವಲ್ಪ ತಳ್ಳಬೇಕು."

ತಳ್ಳಿದರು ಮಾರಾಯ್ರೆ! ಗಾಡಿ ತಡೆಯಲು ಬಂದವರು ಬಾವುಟ ಹಿಡಿದುಕೊಂಡೇ ಸೈಕಲ್ ತಳ್ಳುತ್ತಾ ಓಡಿದರು. ಕಿಟಕಿಯಿಂದ ನೋಡಿದವರೆಲ್ಲ ಇಚ್ಚ ಯಾವಾಗ ಪಕ್ಷ ಸೇರಿದರು ಎಂದು ಯೋಚಿಸಿರಬೇಕು. ಇಳಿಜಾರು ಸಿಕ್ಕಿದ ಮೇಲೆ ಕೈ ಬಿಟ್ಟರು. ಸೈಕಲ್ ಹೋಯಿತು. ನಿಜವಾಗಿಯೂ ಗಾಳಿಯ ಹಾಗೆ ಹೋಯಿತು. ಅಕ್ಕನ ಶಾಲು ಹಾರುತ್ತಿತ್ತು, ಅಕ್ಕ ನಗುವುದು ನಮಗೆ ಮೇಲಿನವರೆಗೆ ಕೇಳುತ್ತಿತ್ತು. ನಮ್ಮವರು ನನ್ನ ಕೈ ಹಿಡಿದು, "ನೋಡು, ಹಬ್ಬು ನೋಡು" ಎಂದರು. ಅವರಿಗೆ ಕಂಡದ್ದು ಹಬ್ಬು.

ಆಗ ನನಗೆ ನಿಲ್ಲಿಸುವ ವಿಷಯ ನೆನಪಾಯಿತು. ಮುಂದಾಳುವಿಗೆ ಹೇಳಿದೆ. ಅವನು ಮೊಬೈಲ್ ತೆಗೆದು ಕೆಳಗಿನ ಜಂಕ್ಷನಿನವರಿಗೆ ಫೋನು ಮಾಡಿದ. "ಒಂದು ಸೈಕಲ್ ಬರ್ತಾ ಉಂಟು. ಇಬ್ಬರಿದ್ದಾರೆ. ನಿಲ್ಲಿಸಿ... ಸೈಕಲಿಗೆ ತಡೆ ಇಲ್ಲ ಅಲ್ವಾ ಅಂತ ಕೇಳ್ಬೇಡ, ನಿಲ್ಲಿಸು! ಹೊಡೆಯುದು ಬೇಡ, ಬಯ್ಯುದು ಬೇಡ, ಅಪ್ಪಿ ಹಿಡಿಯಿರಿ!"

ಕೆಳಗಿನವರು ರಸ್ತೆಗೆ ಅಡ್ಡ ಸಾಲಾಗಿ ಕೈ ಚಾಚಿ ನಿಂತು ಹಿಡಿದರಂತೆ. ಯಾರಿಗೂ ಏನೂ ಆಗಲಿಲ್ಲ. ನಾವು ನಡೆದು ಅಕ್ಕನ ತವರಿಗೆ ಮುಟ್ಟುವಾಗ ಇಚ್ಚ ಜಗಲಿಯಲ್ಲಿ ಮದುಮಗನ ಹಾಗೆ ಕೂತಿದ್ದರು. ಅಕ್ಕನ ಅಣ್ಣ, ಹಲ್ಲಿಲ್ಲದ ಮುದುಕ, ಸೈಕಲನ್ನು ಮುಟ್ಟಿ ಮುಟ್ಟಿ ನೋಡುತ್ತಾ, "ಅಂತೂ ಮಾತು ಉಳಿಸಿಕೊಂಡೆ ಭಾವ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಇಚ್ಚ ಎದೆಯುಬ್ಬಿಸಿ, "ಹಬ್ಬು ಸರಿ ಇದ್ದರೆ ನಾನು ಎಂದೋ ಬರ್ತಿದ್ದೆ" ಎಂದರು. ಅಕ್ಕ ಹೌದು ಹೌದೆಂದು ತಲೆಯಾಡಿಸಿದರು. ಎಲ್ಲರಿಗೂ ಚಾ ಬಂತು, ಅಕ್ಕಿ ರೊಟ್ಟಿಯ ಹಾಗಿನ ಪತ್ತಿರಿ ಬಂತು, ಹಳೆಯ ಮಾತುಗಳು ಶುರುವಾದವು, ಬಿಸಿಲು ಇಳಿಯಿತು.

ಗೋಡೆಯ ಗಡಿಯಾರ ಐದು ಹೊಡೆದದ್ದೇ ಅಕ್ಕ ದಡಕ್ಕನೆ ಎದ್ದು ನಿಂತರು. "ಏಳಿ, ಏಳಿ, ಬೇಗ ಹೊರಡಿ."

"ಅವಸರ ಎಂತ? ಆರು ಗಂಟೆಗೆ ಹರತಾಳ ಮುಗೀತದೆ, ಮತ್ತೆ ಆರಾಮದಲ್ಲಿ ಹೋಗುವ" ಎಂದರು ಇಚ್ಚ.

"ಅದಕ್ಕೇ ಹೇಳಿದ್ದು!" ಎಂದರು ಅಕ್ಕ, ಸೆರಗು ಸಿಕ್ಕಿಸಿಕೊಳ್ಳುತ್ತಾ. "ಆ ಹುಡುಗರು ಮನೆಗೆ ಹೋದರೆ ಈ ಏರಿನಲ್ಲಿ ನಮ್ಮನ್ನು ತಳ್ಳುವವರು ಯಾರು?"